ಲೆಕ್ಕದ ಸಾಕ್ಷಿ

ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದಲ್ಲಿ ಆಬರ್ನ್ ಎಂಬುದೊಂದು ಊರುಂಟು. 1870ರ ದಶಕದ ಕೊನೆಯ ವರ್ಷಗಳಲ್ಲಿ ಅಲ್ಲಿಯ ಬ್ಯಾಂಕೊಂದರಲ್ಲಿ ವಿಲಿಯಂ ಸೀವರ್ಡ್ ಬರೋಸ್ ಎಂಬ ತರುಣನು ಗುಮಾಸ್ತನಾಗಿದ್ದನು. ಹಗಲೆಲ್ಲ ಬರೆದ ಜಮಾಖರ್ಚಿನ ಉದ್ದನೆಯ ಸಾಲುಗಳನ್ನು ಸಂಜೆ ಕೂಡಿಸಿ, ಒಂದರ ಮೊತ್ತವನ್ನು ಇನ್ನೊಂದರೊಡನೆ ತಾಳೆ ನೋಡಿ, ಅವೆರಡೂ ಹೊಂದದೆ ಹೋದ ದಿನ ದೀಪದ ಬೆಳಕಿನಲ್ಲಿ ಮೊದಲಿನಿಂದ ಮತ್ತೆ ಕೂಡಿಸುತ್ತ, ತಪ್ಪು ಮೂಲದ ಅಂಕಿಯಲ್ಲಿದೆಯೋ ತನ್ನ ಸಂಕಲನದಲ್ಲಿದೆಯೋ ಎಂಬುದನ್ನರಿಯದೆ ಬಳಲುತ್ತಿದ್ದ ಆ ಕಾಲದ ಬ್ಯಾಂಕು ಗುಮಾಸ್ತರ ಪಾಡನ್ನು ಅವನು ಬಲ್ಲವನಾಗಿದ್ದನು. ದೇಹಾರೋಗ್ಯ ಕೆಟ್ಟು ಆ ಕೆಲಸವನ್ನು ಬಿಟ್ಟು, 1882ರಲ್ಲಿ ಸೇಂಟ್ ಲೂಯಿ ನಗರವನ್ನು ಸೇರಿದ ಬಳಿಕ ಅವನು ಕೂಡುವ ಯಂತ್ರವೊಂದರ ರಚನೆಯಲ್ಲಿ ತೊಡಗಿದನು. 1885ರಲ್ಲಿ ಅದರ ಹಕ್ಕಿಗಾಗಿ ಅರ್ಜಿ ಸಲ್ಲಿಸಿ, 1888ರಲ್ಲಿ ಆ ಹಕ್ಕುಪತ್ರವನ್ನು ಪಡೆದನು.

ಅವನಿಗೂ ಮುಂಚೆ ಗಣನಯಂತ್ರಗಳು ಇರಲಿಲ್ಲವೆಂದಲ್ಲ. ಫ್ರಾನ್ಸಿನ ರೂಆಂ ನಗರದಲ್ಲಿ ತೆರಿಗೆಯ ಅಧಿಕಾರಿಯಾಗಿದ್ದ ತನ್ನ ತಂದೆಯ ಶ್ರಮವನ್ನು ಕಡಿಮೆ ಮಾಡಲೆಂದು ಪಾಸ್ಕಲನು 1642ರಲ್ಲಿಯೇ ಹಲ್ಲುಚಕ್ರಗಳ ಯಂತ್ರವನ್ನು ಕಲ್ಪಿಸಿದ್ದನು. ತೊಮಾ ದ ಕೊಲ್ಮಾರ್ ಎಂಬವನು 1820ರಲ್ಲಿ ಹಕ್ಕು ಪಡೆದ ಅರಿತ್ಮೊಮೀಟರ್ ಎಂಬ ಯಂತ್ರವು ಆ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನ ಕಚೇರಿಗಳಲ್ಲಿ ಬಳಕೆಗೆ ಬಂದಿದ್ದಿತು. ಬರೋಸನ ಸಮಕಾಲೀನನಾದ ಶಿಕಾಗೋ ನಗರದ ಡಾರ್ ಫೆಲ್ಟನು ಶಾವಿಗೆಯ ಜಾತಿಯ ತಿನಿಸನ್ನು ತುಂಬಿಡುವ ಒಂದು ಮರದ ಪೆಟ್ಟಿಗೆಯಲ್ಲಿ ತನ್ನ ಮೊದಲ ಮಾದರಿಯನ್ನು ಕಟ್ಟಿ, ಒತ್ತಿದ ಕೂಡಲೇ ಕೂಡುವ ಕಾಂಪ್ಟೊಮೀಟರನ್ನು ಸಿದ್ಧಪಡಿಸಿದ್ದನು. ಇವೆಲ್ಲವೂ ಚತುರ ಯಂತ್ರಗಳೇ. ಆದರೆ ಅವುಗಳ ಮುಖದ ಮೇಲಿನ ಸಣ್ಣ ಕಿಂಡಿಗಳಲ್ಲಿ ಕಾಣುತ್ತಿದ್ದುದು ಅಂತಿಮ ಮೊತ್ತವೊಂದೇ. ಐವತ್ತು ಬಾಬುಗಳನ್ನು ಒತ್ತಿದವನು ನಡುವೆ ಒಂದು ಕಡೆ 476ಕ್ಕೆ ಬದಲಾಗಿ 467 ಎಂದು ಒತ್ತಿದ್ದರೆ, ಅದನ್ನು ತೋರಿಸಿಕೊಡಬಲ್ಲ ಕುರುಹು ಯಂತ್ರದಲ್ಲಿ ಎಲ್ಲಿಯೂ ಉಳಿಯುತ್ತಿರಲಿಲ್ಲ.

ನಮ್ಮ ನಾಡಿನ ಪ್ರಾಚೀನ ಗಣಕರಿಗೂ ಇದೇ ತೊಡಕು ಇದ್ದಿತು. ಹಲಗೆಯ ಮೇಲೆ ಧೂಳನ್ನು ಹರವಿ, ಬೆರಳಿನಿಂದಲೋ ಕಡ್ಡಿಯಿಂದಲೋ ಅಂಕಿಗಳನ್ನು ಬರೆದು, ಗುಣಿಸುತ್ತ ಹೋದಂತೆಲ್ಲ ಹಿಂದಿನ ಅಂಕಿಗಳನ್ನು ಅಳಿಸಿ ಹೊಸವನ್ನು ಬರೆಯುವುದು ಪಾಟೀಗಣಿತದ ಕ್ರಮ. ರಾಷ್ಟ್ರಕೂಟ ನೃಪತುಂಗನ ಕಾಲದಲ್ಲಿ, ಸುಮಾರು 850ರ ವೇಳೆಗೆ, ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನೇ ಮೊದಲಾದವರು ಬಲ್ಲ ಗಣನೆಯ ಪದ್ಧತಿ ಇಂಥದು. ಕೊನೆಯಲ್ಲಿ ಹಲಗೆಯ ಮೇಲೆ ಉಳಿಯುವುದು ಉತ್ತರ ಮಾತ್ರ. ನಡೆದುಬಂದ ದಾರಿ ಧೂಳಿನಲ್ಲಿಯೇ ಲಯವಾಗಿರುತ್ತದೆ. ಆದುದರಿಂದಲೇ ಬಂದ ಫಲವನ್ನು ಬೇರೊಂದು ಮಾರ್ಗದಿಂದ, ವಿಲೋಮಕ್ರಮದಿಂದ, ಪರೀಕ್ಷಿಸುವ ಉಪಾಯಗಳಿಗೆ ಆ ಗಣಿತದಲ್ಲಿ ಅಷ್ಟು ಬೆಲೆ.

ಬರೋಸನ ಹಿರಿಮೆ ಇರುವುದು ಈ ಒಂದು ಕೊರತೆಯನ್ನು ಅವನು ಕಂಡುಕೊಂಡುದರಲ್ಲಿ. ಕೂಡಿದ ಮೊತ್ತದೊಡನೆ ಕೂಡಿಸಿದ ಪ್ರತಿಯೊಂದು ಬಾಬನ್ನೂ ಕಾಗದದ ಮೇಲೆ ಅಚ್ಚೊತ್ತಬೇಕೆಂಬುದು ಅವನ ಸಂಕಲ್ಪ. ಗುಂಡಿಗಳನ್ನೊತ್ತಿ ಸಂಖ್ಯೆಯನ್ನು ಹೂಡಿ, ಬದಿಯ ಹಿಡಿಯನ್ನು ಎಳೆದರೆ ಆ ಸಂಖ್ಯೆ ಅಚ್ಚಾಗಿ ಒಳಗಿನ ಮೊತ್ತಕ್ಕೆ ಸೇರುವಂತೆ ಅವನು ಯಂತ್ರವನ್ನು ರಚಿಸಿದನು. ಮೊದಲ ಯಂತ್ರಗಳು ಮಾರುಕಟ್ಟೆಯಲ್ಲಿ ಸೋತುವು. ಅವನ ಕೈಯಲ್ಲಿ ಸರಿಯಾಗಿ ಕೂಡುತ್ತಿದ್ದ ಯಂತ್ರವೇ ಬೇರೊಬ್ಬನು ಹಿಡಿಯನ್ನು ರಭಸದಿಂದಲೋ ತೀರ ಮೆಲ್ಲಗೋ ಎಳೆದಾಗ ತಪ್ಪು ಮೊತ್ತವನ್ನು ತೋರುತ್ತಿದ್ದಿತು. ಅದಕ್ಕೆ ಅವನು ಕಂಡುಕೊಂಡ ಪರಿಹಾರ ಬಹು ಸುಂದರವಾದುದು: ಎಣ್ಣೆ ತುಂಬಿದ ಒಂದು ಪುಟ್ಟ ಕೊಳವೆಯೊಳಗೆ ಕೊಂತವೊಂದು ಚಲಿಸುವಂತೆ ಮಾಡಿ, ಹೊರಗಿನ ಕೈ ಹೇಗೆಯೇ ಎಳೆಯಲಿ, ಒಳಗಿನ ಚಕ್ರಗಳು ಮಾತ್ರ ಒಂದೇ ವೇಗದಿಂದ ತಿರುಗುವಂತೆ ಏರ್ಪಡಿಸಿದನು. ಕ್ಷಯರೋಗಿಯಾಗಿದ್ದ ಅವನು 1898ರಲ್ಲಿ, ಇನ್ನೂ ನಡುವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಹೆಸರನ್ನು ತಾಳಿದ ಸಂಸ್ಥೆಯ ಯಂತ್ರಗಳು ಮುಂದಿನ ದಶಕಗಳಲ್ಲಿ ಬ್ಯಾಂಕುಗಳ ಮೇಜುಗಳ ಮೇಲೆ ನೆಲೆಗೊಂಡುವು. ಯಂತ್ರದ ತಲೆಯ ಮೇಲಿಂದ ಇಳಿಯುವ ಕಾಗದದ ಸುರುಳಿಯನ್ನು ಹರಿದು, ಕಿರ್ದಿಯ ಪುಟದ ಪಕ್ಕದಲ್ಲಿಟ್ಟು, ಬಾಬಿಗೆ ಬಾಬನ್ನು ಗುರುತು ಹಾಕುತ್ತ ಬಂದರೆ, ತಪ್ಪು ಎಷ್ಟನೆಯ ಸಾಲಿನಲ್ಲಿದೆಯೆಂಬುದು ಕ್ಷಣಮಾತ್ರದಲ್ಲಿ ಗೊತ್ತಾಗುತ್ತಿದ್ದಿತು. ಸರಿಯಾದ ಲೆಕ್ಕದ ಸುರುಳಿಯನ್ನು ಮೂಲ ಕಾಗದಗಳಿಗೆ ಲಗತ್ತಿಸಿ ಇಡಬಹುದಾಗಿದ್ದಿತು.

ಇಂದು ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ನಾವು ತೆರೆಯುವ ಕ್ಯಾಲ್ಕ್ಯುಲೇಟರ್ ತಂತ್ರಾಂಶದ ಇತಿಹಾಸವನ್ನು ಬರೆಯಹೊರಟವನು ಬರೋಸನ ಕಾಗದದ ಸುರುಳಿಯಿಂದಲೇ ಆರಂಭಿಸಬೇಕೆಂದು ನನ್ನ ಅಭಿಪ್ರಾಯ. ವೇಗವನ್ನು ಎಲ್ಲ ಯಂತ್ರಗಳೂ ಕಲಿತುವು. ತಾನು ಏನನ್ನು ಮಾಡಿದೆನೆಂಬುದನ್ನು ಬಳಸುವವನಿಗೆ ಒಪ್ಪಿಸುವ ಗುಣವೋ, ಒಮ್ಮೆ ಕೈಗೆ ಬಂದು, ಬಳಿಕ ಬಹುಕಾಲ ಮರೆತುಹೋಗಿ, ತಡವಾಗಿ ಮರಳಿ ಬಂದಿತು.

ಎಲ್ಲ ಯಂತ್ರಗಳೂ ಸುರುಳಿಯನ್ನು ಹೊತ್ತಿರಲಿಲ್ಲವೆಂಬುದನ್ನು ಇಲ್ಲಿ ಹೇಳಬೇಕು. ನಮ್ಮ ದೇಶದ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ಒಂದು ತಲೆಮಾರಿನ ವಿದ್ಯಾರ್ಥಿಗಳು ಕೈಯಿಂದ ತಿರುಗಿಸಿದ ಫ್ಯಾಸಿಟ್ ಯಂತ್ರಕ್ಕೆ ಕಾಗದವಿರಲಿಲ್ಲ. ಗುಣಾಕಾರವೆಂದರೆ ಹಿಡಿಯನ್ನು ಮುಂದಕ್ಕೆ ಅಷ್ಟು ಸಲ ಸುತ್ತುವುದು, ಭಾಗಾಕಾರವೆಂದರೆ ಹಿಂದಕ್ಕೆ ಸುತ್ತುತ್ತ ಹೋಗಿ, ಶೇಷವು ಶೂನ್ಯಕ್ಕಿಂತ ಕೆಳಗಿಳಿದು ಗಂಟೆ ಬಾರಿಸಿದೊಡನೆ ಒಂದು ಸುತ್ತು ಮುಂದಕ್ಕೆ ಬರುವುದು. ಆದರೂ ಅದರಲ್ಲಿ ಸಾಕ್ಷಿಯ ಅಂಶವೊಂದು ಇದ್ದೇ ಇದ್ದಿತು: ಹೂಡಿದ ಸಂಖ್ಯೆ, ಸುತ್ತುಗಳ ಎಣಿಕೆ, ಬಂದ ಫಲ, ಈ ಮೂರೂ ಬೇರೆ ಬೇರೆ ಕಡೆಗಳಲ್ಲಿ ಏಕಕಾಲದಲ್ಲಿ ಕಾಣುತ್ತಿದ್ದುವು. ಗುಣ್ಯ, ಗುಣಕ, ಗುಣಲಬ್ಧಗಳನ್ನು ಒಟ್ಟಿಗೆ ಕಂಡ ವಿದ್ಯಾರ್ಥಿ ತಾನು ಒಂದು ಸುತ್ತನ್ನು ಹೆಚ್ಚಾಗಿ ಸುತ್ತಿದೆನೇ ಎಂಬುದನ್ನು ಅಲ್ಲಿಯೇ ತಿಳಿಯಬಹುದಾಗಿದ್ದಿತು.

ಚಕ್ರಗಳ ಸ್ಥಾನಕ್ಕೆ ವಿದ್ಯುತ್ತು ಬಂದುದು 1961ರಲ್ಲಿ. ಇಂಗ್ಲೆಂಡಿನ ಬೆಲ್ ಪಂಚ್ ಸಂಸ್ಥೆಯ ಅನಿಟಾ ಎಂಬ ಯಂತ್ರವು ಪೂರ್ಣವಾಗಿ ಎಲೆಕ್ಟ್ರಾನಿಕ್ ಆದ ಮೊದಲ ಮೇಜಿನ ಗಣನಯಂತ್ರವೆಂದು ಪ್ರಸಿದ್ಧವಾಗಿದೆ; ಅದರ ಅಂಕಿಗಳು ಗಾಜಿನ ಕೊಳವೆಗಳಲ್ಲಿ ಕಿತ್ತಳೆಯ ಬಣ್ಣದಿಂದ ಬೆಳಗುತ್ತಿದ್ದುವು. ನಾನು ಹೆಚ್ಚು ಮೆಚ್ಚುವುದು ಅದರ ಬೆನ್ನಿಗೇ ಅಮೆರಿಕದಲ್ಲಿ ಬಂದ ಫ್ರಿಡೆನ್ ಇಸಿ-130 ಎಂಬುದನ್ನು. ಅದರ ಸಣ್ಣ ಪರದೆಯ ಮೇಲೆ ನಾಲ್ಕು ಸಂಖ್ಯೆಗಳು ಒಂದರ ಮೇಲೊಂದು ಸಾಲಾಗಿ ತೋರುತ್ತಿದ್ದುವು. ಪೋಲೆಂಡಿನ ತರ್ಕಶಾಸ್ತ್ರಜ್ಞ ಯಾನ್ ವುಕಾಸಿಯೆವಿಚ್ ಆವರಣ ಚಿಹ್ನೆಗಳಿಲ್ಲದೆ ಸೂತ್ರಗಳನ್ನು ಬರೆಯಲೆಂದು 1920ರ ದಶಕದಲ್ಲಿ ಕಲ್ಪಿಸಿದ ಕ್ರಮವನ್ನು ತಿರುವುಮುರುವಾಗಿಸಿ, ಸಂಖ್ಯೆಗಳನ್ನು ಮೊದಲು ಕೊಟ್ಟು ಕ್ರಿಯೆಯನ್ನು ಆಮೇಲೆ ಹೇಳುವ ರೀತಿಯನ್ನು ಅದು ಅನುಸರಿಸಿತು. 12ಕ್ಕೆ 8ನ್ನು ಕೂಡಿ, 7ಕ್ಕೆ 5ನ್ನು ಕೂಡಿ, ಆ ಎರಡು ಮೊತ್ತಗಳನ್ನು ಗುಣಿಸಬೇಕೆಂದು ಇಟ್ಟುಕೊಳ್ಳೋಣ. ಸಾಧಾರಣ ಯಂತ್ರದಲ್ಲಿ ಮೊದಲ ಮೊತ್ತವಾದ 20ನ್ನು ಎಲ್ಲಿಯಾದರೂ ಚೀಟಿಯಲ್ಲಿ ಬರೆದಿಟ್ಟುಕೊಳ್ಳಬೇಕು, ಇಲ್ಲವೇ ಕಣ್ಣಿಗೆ ಕಾಣದ ಸ್ಮೃತಿಕೋಶಕ್ಕೆ ಒಪ್ಪಿಸಬೇಕು. ಇಲ್ಲಿಯಾದರೋ 20 ಎಂಬುದು ಒಂದು ಸಾಲಿನಲ್ಲಿ ಕಾದಿರುತ್ತದೆ, 12 ಎಂಬುದು ಅದರ ಜೊತೆಯಲ್ಲಿ ಬಂದು ನಿಲ್ಲುತ್ತದೆ, ಗುಣಿಸುವ ಗುಂಡಿಯನ್ನೊತ್ತಿದಾಗ ಎರಡೂ ಸೇರಿ 240 ಆಗುತ್ತದೆ. ಕಾದಿರುವ ಸಂಖ್ಯೆಗಳೆಲ್ಲ ಕಣ್ಣೆದುರಿಗೇ ಇರುತ್ತವೆ. 1968ರ ಎಚ್‌ಪಿ 9100ಎ ಯಂತ್ರವೂ, 1972ರಲ್ಲಿ ಇಂಜಿನಿಯರುಗಳ ಜೇಬನ್ನು ಸೇರಿದ ಎಚ್‌ಪಿ-35 ಎಂಬುದೂ ಸಂಖ್ಯೆ ಮೊದಲು, ಕ್ರಿಯೆ ಆಮೇಲೆ ಎಂಬ ಇದೇ ಮಾರ್ಗವನ್ನು ಹಿಡಿದುವು. ಇಂದಿನ ಅನೇಕ ಕ್ಯಾಲ್ಕ್ಯುಲೇಟರ್ ತಂತ್ರಾಂಶಗಳಲ್ಲಿ ಈ ಕ್ರಮ ಒಂದು ಆಯ್ಕೆಯಾಗಿ ಉಳಿದಿದೆ. ಅದನ್ನು ರೂಢಿಸಿಕೊಂಡವರು ಬಿಡುವುದಿಲ್ಲ.

ಇದೇ ಕಾಲದಲ್ಲಿ ಕಾಗದದ ಸುರುಳಿಯ ಯಂತ್ರವು ಜಗತ್ತಿಗೆ ಮಾಡಿದ ಉಪಕಾರ ಕಲ್ಪನೆಗೂ ಮೀರಿದುದು. ಜಪಾನಿನ ಬಿಸಿಕಾಂ ಎಂಬ ಸಂಸ್ಥೆಯು ಅಚ್ಚೊತ್ತುವ ಮೇಜಿನ ಗಣನಯಂತ್ರಕ್ಕೆ ಬೇಕಾದ ವಿದ್ಯುತ್‌ಮಂಡಲಗಳನ್ನು ಮಾಡಿಕೊಡಬೇಕೆಂದು 1969ರಲ್ಲಿ ಅಮೆರಿಕದ ಇಂಟೆಲ್ ಸಂಸ್ಥೆಯನ್ನು ಕೇಳಿತು. ಒಂದೊಂದು ಕೆಲಸಕ್ಕೆ ಒಂದೊಂದು ವಿಶೇಷ ಚಿಪ್ಪನ್ನು ಮಾಡುವುದಕ್ಕಿಂತ, ಆಜ್ಞೆಗಳನ್ನು ಓದಿ ನಡೆಸುವ ಸಾಮಾನ್ಯ ಸ್ವರೂಪದ ಒಂದೇ ಚಿಪ್ಪನ್ನು ಮಾಡಿ, ಯಂತ್ರದ ವಿಶೇಷ ಗುಣಗಳನ್ನೆಲ್ಲ ಆಜ್ಞೆಗಳ ರೂಪದಲ್ಲಿ ಬರೆದಿಡಬಹುದೆಂಬ ಆಲೋಚನೆಯನ್ನು ಟೆಡ್ ಹಾಫ್ ಮುಂದಿಟ್ಟನು; ಫೆಡರಿಕೊ ಫಾಜಿನ್, ಸ್ಟಾನ್ಲಿ ಮೇಜರ್ ಹಾಗೂ ಬಿಸಿಕಾಂ ಕಡೆಯಿಂದ ಬಂದ ಮಸತೋಶಿ ಶಿಮಾ ಇವರ ಪರಿಶ್ರಮದಿಂದ ಅದು ಕೈಗೂಡಿತು. ಸುಮಾರು 2,300 ಟ್ರಾನ್ಸಿಸ್ಟರುಗಳನ್ನುಳ್ಳ ಆ ಇಂಟೆಲ್ 4004 ಚಿಪ್ಪು 1971ರ ನವೆಂಬರಿನಲ್ಲಿ ಸಾರ್ವಜನಿಕರಿಗೆ ಪ್ರಕಟವಾಯಿತು. ಅದನ್ನು ಧರಿಸಿದ ಬಿಸಿಕಾಂ 141-ಪಿಎಫ್ ಎಂಬುದು ಲೆಕ್ಕವನ್ನು ಕಾಗದದ ಮೇಲೆ ಮೂಡಿಸುವ ಯಂತ್ರವೇ ಆಗಿದ್ದಿತು. ಹೀಗೆ, ಗುಮಾಸ್ತನ ಮೇಜಿನ ಯಂತ್ರದ ಗುಣಗಳು ಲೋಹದಿಂದ ಬಿಡುಗಡೆ ಹೊಂದಿ ಬರೆಹದ ರೂಪವನ್ನು ತಾಳಿದುದು ಇಲ್ಲಿ. ಕ್ಯಾಲ್ಕ್ಯುಲೇಟರ್ ತಂತ್ರಾಂಶದ ನಿಜವಾದ ಜನ್ಮಸ್ಥಾನ ಇದೇ ಎಂದು ಹೇಳಬಹುದು.

ಆದರೆ ಅದೇ ಚಿಪ್ಪುಗಳ ಬೆಲೆ ಇಳಿದುದರಿಂದ ಸುರುಳಿಗೆ ಸಂಚಕಾರ ಬಂದಿತು. ಯಂತ್ರವು ಅಂಗೈಯಷ್ಟಾಯಿತು, ಜೇಬಿಗೆ ಇಳಿಯಿತು. ಎಂಟು ಅಂಕಿಗಳ ಒಂದೇ ಸಾಲು ಉಳಿದು ಉಳಿದುದೆಲ್ಲ ಅಳಿಯಿತು. ಎಮ್ ಪ್ಲಸ್, ಎಮ್ ಆರ್ ಎಂದು ಬರೆದ ಸ್ಮೃತಿಯ ಗುಂಡಿಗಳು ಇದ್ದುವಾದರೂ ಒಳಗಿರುವ ಸಂಖ್ಯೆಯನ್ನು ಕರೆದು ನೋಡಿದ ಹೊರತು ಅದು ಏನೆಂದು ತಿಳಿಯುತ್ತಿರಲಿಲ್ಲ. ಈ ನಷ್ಟವನ್ನು ವರ್ತಕರು ಬಹುಬೇಗ ಅರಿತುಕೊಂಡರೆಂದು ತೋರುತ್ತದೆ. ನಮ್ಮ ದಿನಸಿಯ ಅಂಗಡಿಗಳಲ್ಲಿಯೂ ಬಟ್ಟೆಯ ಮಳಿಗೆಗಳಲ್ಲಿಯೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿರುವ ದೊಡ್ಡ ಗುಂಡಿಗಳ ಕ್ಯಾಲ್ಕ್ಯುಲೇಟರುಗಳಲ್ಲಿ ‘ಚೆಕ್’ ಎಂಬ ಗುಂಡಿಯೊಂದುಂಟು. ಅಂಗಡಿಯವನು ಇಪ್ಪತ್ತು ಬಾಬುಗಳನ್ನು ಕೂಡಿ ಮೊತ್ತವನ್ನು ಹೇಳಿದಾಗ ಗಿರಾಕಿ ಸಂಶಯಪಟ್ಟರೆ, ಅವನು ಆ ಗುಂಡಿಯನ್ನು ಒತ್ತುತ್ತ ಹೋಗುತ್ತಾನೆ. ಮೊದಲು ಒತ್ತಿದ ಸಂಖ್ಯೆಗಳು ಒಂದೊಂದಾಗಿ ಮರಳಿ ಬರುತ್ತವೆ. ಚೀಟಿಯನ್ನು ಹಿಡಿದು ಗಿರಾಕಿ ಓದುತ್ತಾನೆ. ತಪ್ಪಿದ ಬಾಬು ಸಿಕ್ಕಿದರೆ ಅಲ್ಲಿಯೇ ತಿದ್ದಿ ಮೊತ್ತವನ್ನು ಮತ್ತೆ ಪಡೆಯಬಹುದು. ಬಡ ಯಂತ್ರವೊಂದರಲ್ಲಿ ಬರೋಸನ ಧರ್ಮವನ್ನು ಉಳಿಸಿದ ಈ ಗುಂಡಿಯನ್ನು ಕಲ್ಪಿಸಿದವರಿಗೆ ನಮ್ಮ ವ್ಯಾಪಾರಿಗಳು ಋಣಿಗಳು.

ಕಂಪ್ಯೂಟರಿನ ಜಗತ್ತಿನಲ್ಲಿ ಅತ್ಯುತ್ತಮವಾದ ಗಣನ ತಂತ್ರಾಂಶವು ಮೊದಲಿಗೇ ಹುಟ್ಟಿತೆಂಬುದು ವಿಚಿತ್ರವಾದರೂ ಸತ್ಯ. ಬೆಲ್ ಪ್ರಯೋಗಾಲಯದಲ್ಲಿ ಯುನಿಕ್ಸ್ ವ್ಯವಸ್ಥೆ ರೂಪುಗೊಳ್ಳುತ್ತಿದ್ದಾಗ ರಾಬರ್ಟ್ ಮಾರಿಸ್ ಮತ್ತು ಲೊರಿಂಡಾ ಚೆರಿ ಇವರು ರಚಿಸಿದ ‘ಡಿಸಿ’ ಎಂಬುದು ಸಿ ಭಾಷೆಗಿಂತಲೂ ಹಿರಿಯದು. ಫ್ರಿಡೆನ್ ಯಂತ್ರದ ಹಾಗೆ ಅದು ಸಂಖ್ಯೆಗಳನ್ನು ಮೊದಲು ಕೇಳುತ್ತದೆ. ಅದರ ಮೇಲೆ ಚೆರಿಯವರು ಕಟ್ಟಿದ ‘ಬಿಸಿ’ ಎಂಬುದರಲ್ಲಿ ಸಾಮಾನ್ಯ ಬೀಜಗಣಿತದಂತೆಯೇ ಬರೆಯಬಹುದು. ಸಂಖ್ಯೆಯ ಉದ್ದಕ್ಕೆ ಇವೆರಡರಲ್ಲಿಯೂ ಮಿತಿಯಿಲ್ಲ: ಎರಡರ ಇನ್ನೂರನೆಯ ಘಾತವನ್ನು ಕೇಳಿದರೆ 61 ಅಂಕಿಗಳನ್ನೂ ಒಂದೂ ಬಿಡದೆ ಬರೆದುಕೊಡುತ್ತವೆ. ದಶಾಂಶದ ಬಳಿಕ ಎಷ್ಟು ಸ್ಥಾನಗಳು ಬೇಕೆಂಬುದನ್ನು ಬಳಸುವವನೇ ನಿಗದಿ ಮಾಡಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಲೆಕ್ಕವನ್ನು ಒಂದು ಕಡತದಲ್ಲಿ ಬರೆದಿಟ್ಟು, ಸಾಲುಸಾಲಿಗೆ ಟಿಪ್ಪಣಿಯನ್ನು ಸೇರಿಸಿ, ಬೇಕೆಂದಾಗ ಮತ್ತೆ ನಡೆಸಬಹುದು; ಒಂದು ವರ್ಷದ ಬಳಿಕ ಬೇರೊಬ್ಬನು ಅದನ್ನು ಓದಿ ಪರೀಕ್ಷಿಸಬಹುದು. ಆದರೆ ಇವು ವಿದ್ವಾಂಸರ ಕೋಣೆಗಳಲ್ಲಿ ಉಳಿದುವೇ ಹೊರತು ಜನಸಾಮಾನ್ಯರ ಮೇಜಿಗೆ ಬರಲಿಲ್ಲ.

ಜನಸಾಮಾನ್ಯರ ಮೇಜಿಗೆ ಬಂದುದು ಜೇಬಿನ ಯಂತ್ರದ ಚಿತ್ರ. ಆಪಲ್ ಸಂಸ್ಥೆಯ ಮ್ಯಾಕಿಂಟಾಷಿಗಾಗಿ ಕ್ರಿಸ್ ಎಸ್ಪಿನೋಸಾ ಎಂಬ ತರುಣನು ಕ್ಯಾಲ್ಕ್ಯುಲೇಟರಿನ ರೂಪವನ್ನು ಎಷ್ಟು ಸಲ ತಿದ್ದಿ ತಂದರೂ ಸ್ಟೀವ್ ಜಾಬ್ಸನಿಗೆ ಒಪ್ಪಿಗೆಯಾಗಲಿಲ್ಲ. ಕೊನೆಗೆ ಅವನು ರೇಖೆಗಳ ದಪ್ಪ, ಗುಂಡಿಗಳ ಅಳತೆ, ಹಿನ್ನೆಲೆಯ ಛಾಯೆ ಇವೆಲ್ಲವನ್ನೂ ಇಷ್ಟಬಂದಂತೆ ಬದಲಾಯಿಸಬಹುದಾದ ಒಂದು ಸಾಧನವನ್ನೇ ಮಾಡಿ ಅವನ ಮುಂದಿಟ್ಟನು. ಜಾಬ್ಸನು ಅದರೆದುರು ಕುಳಿತು ಸುಮಾರು ಹತ್ತು ನಿಮಿಷಗಳಲ್ಲಿ ತನಗೊಪ್ಪುವ ರೂಪವನ್ನು ಹೊಂದಿಸಿದನು. 1984ರಲ್ಲಿ ಹೊರಬಂದ ಆ ರೂಪ ಬಹು ವರ್ಷಗಳವರೆಗೆ ಬದಲಾಗದೆ ನಿಂತಿತು. 1985ರ ನವೆಂಬರಿನಲ್ಲಿ ಬಂದ ಮೊದಲ ವಿಂಡೋಸಿನಲ್ಲಿಯೂ ಅಂಥದೇ ಒಂದು ಕ್ಯಾಲ್ಕ್ಯುಲೇಟರ್ ಇದ್ದಿತು. ಅಂದವಾದ ಕೆಲಸವೆಂಬುದರಲ್ಲಿ ಸಂದೇಹವಿಲ್ಲ. ಆದರೂ, ಜೇಬಿನ ಯಂತ್ರಕ್ಕೆ ಒಂದೇ ಸಾಲು ಇದ್ದುದು ಅದರ ಬಡತನದಿಂದ. ಇಡೀ ಪರದೆಯ ಒಡೆತನವಿದ್ದ ಕಂಪ್ಯೂಟರು ಆ ಬಡತನವನ್ನೇ ಅನುಕರಿಸಿ, ಒತ್ತಿದ ಸಂಖ್ಯೆಗಳನ್ನು ಕಾಲು ಶತಮಾನದ ಕಾಲ ಮರೆಯುತ್ತ ಬಂದಿತಲ್ಲಾ ಎಂದು ನನಗೆ ವ್ಯಥೆಯಾಗುತ್ತದೆ.

ಇದಕ್ಕಿಂತ ಗುರುತರವಾದ ಇನ್ನೊಂದು ದೋಷವೂ ಇದ್ದಿತು. 1990ರ ದಶಕದ ಆದಿಯ ವಿಂಡೋಸ್ 3.1ರ ಕ್ಯಾಲ್ಕ್ಯುಲೇಟರಿನಲ್ಲಿ 2.01ರಿಂದ 2ನ್ನು ಕಳೆದರೆ ಪರದೆಯ ಮೇಲೆ 0.00 ಎಂದು ತೋರುತ್ತಿದ್ದಿತು. ಒಂದು ಪೈಸೆ ಕಣ್ಣೆದುರಿಗೇ ಮಾಯವಾಗುತ್ತಿದ್ದಿತು. ಬೇರೊಂದು ಬಗೆಯ ತಪ್ಪಿನ ಬೇರು ಯಂತ್ರದ ಸ್ವಭಾವದಲ್ಲಿಯೇ ಇರುವುದು: ನಾವು ಹತ್ತರ ಮೂಲದಲ್ಲಿ ಎಣಿಸುವವರು, ಕಂಪ್ಯೂಟರು ಎರಡರ ಮೂಲದಲ್ಲಿ; ಮೂರನೆಯ ಒಂದು ಭಾಗವನ್ನು ನಾವು 0.333 ಎಂದು ಎಷ್ಟು ಬರೆದರೂ ಮುಗಿಯದಂತೆ, ಹತ್ತನೆಯ ಒಂದು ಭಾಗವನ್ನು ಅದು ಎಷ್ಟು ಬರೆದರೂ ಮುಗಿಯುವುದಿಲ್ಲ. ಎಲ್ಲಿಯೋ ಕತ್ತರಿಸಲೇಬೇಕು. ಆ ಕತ್ತರಿಕೆಯ ಫಲವಾಗಿ 10.21ರಿಂದ 10.2ನ್ನು ಕಳೆದಾಗ 0.01ಕ್ಕೆ ಬದಲು 0.0100000000000016 ಎಂಬ ಉತ್ತರ ಬರುತ್ತಿದ್ದಿತು. ಜನರ ದೂರುಗಳನ್ನು ಕೇಳಿ ಆ ತಂತ್ರಾಂಶದ ಗಣನೆಯ ಅಂತರಂಗವನ್ನೇ ಕಿತ್ತುಹಾಕಿ ಹೊಸದಾಗಿ ಬರೆದರೆಂದೂ, ಹೊರಗಿನ ರೂಪವು ಹಾಗೆಯೇ ಇದ್ದುದರಿಂದ ಅದನ್ನು ಯಾರೂ ಗಮನಿಸಲಿಲ್ಲವೆಂದೂ ಮೈಕ್ರೋಸಾಫ್ಟಿನ ರೇಮಂಡ್ ಚೆನ್ 2004ರಲ್ಲಿ ಬರೆದಿದ್ದಾರೆ. ಹೊಸ ಅಂತರಂಗವು ಸಂಖ್ಯೆಗಳನ್ನು ಅಂಶ ಮತ್ತು ಛೇದಗಳುಳ್ಳ ಭಿನ್ನರಾಶಿಗಳಾಗಿಯೇ ಇಟ್ಟುಕೊಳ್ಳುತ್ತದೆ. ಒಂದನ್ನು ಮೂರರಿಂದ ಭಾಗಿಸಿ ಮತ್ತೆ ಮೂರರಿಂದ ಗುಣಿಸಿದರೆ ಅಲ್ಲಿ ಒಂದೇ ಬರುತ್ತದೆ. ವರ್ಗಮೂಲದಂಥ ಕ್ರಿಯೆಗಳಲ್ಲಿ ಮಾತ್ರ ಈ ಶುದ್ಧಿ ಸಾಧ್ಯವಾಗಲಿಲ್ಲ. ನಾಲ್ಕರ ವರ್ಗಮೂಲದಿಂದ ಎರಡನ್ನು ಕಳೆದಾಗ ಶೂನ್ಯಕ್ಕೆ ಬದಲು ಅತಿಸೂಕ್ಷ್ಮವಾದ ಸಂಖ್ಯೆಯೊಂದು ಉಳಿಯುವ ದೋಷವು 2018ರವರೆಗೂ ಇದ್ದು, ಆಮೇಲೆ ಪರಿಹಾರವಾಯಿತು. ಕಣ್ಣಿಗೆ ಕಾಣದ ಇಂಥ ದುಡಿಮೆಗೆ ಹೊಗಳಿಕೆ ಸಲ್ಲುವುದು ಅಪರೂಪ. ಬರೋಸನ ಎಣ್ಣೆಯ ಕೊಳವೆಯಷ್ಟೇ ಗೌರವಕ್ಕೆ ಇದು ಪಾತ್ರವಾದುದು.

ಸುರುಳಿಯು ವಿಂಡೋಸಿಗೆ ಮರಳಿದುದು 2009ರಲ್ಲಿ, ಅದರ ಏಳನೆಯ ಆವೃತ್ತಿಯೊಡನೆ. ಹಿಂದೆ ಮಾಡಿದ ಲೆಕ್ಕಗಳ ಪಟ್ಟಿ, ಎರಡು ದಿನಾಂಕಗಳ ನಡುವಣ ದಿನಗಳ ಎಣಿಕೆ, ಅಳತೆಗಳ ಪರಿವರ್ತನೆ, ಸಂಖ್ಯಾಶಾಸ್ತ್ರಕ್ಕೂ ಕ್ರಮವಿಧಿ ಬರೆಯುವವರಿಗೂ ಬೇಕಾದ ರೂಪಗಳು, ಎಲ್ಲವೂ ಒಮ್ಮೆಗೇ ಬಂದುವು. ಆಪಲ್ ಕಂಪ್ಯೂಟರುಗಳಲ್ಲಿ ‘ಕಾಗದದ ಸುರುಳಿ’ ಎಂಬ ಹೆಸರಿನಿಂದಲೇ ಒಂದು ಪ್ರತ್ಯೇಕ ಕಿಟಕಿ ಕಾಣಿಸಿಕೊಂಡು, ಅದನ್ನು ಉಳಿಸುವುದಕ್ಕೂ ಅಚ್ಚುಹಾಕುವುದಕ್ಕೂ ಅನುಕೂಲವಾಯಿತು. 2019ರ ಮಾರ್ಚಿನಲ್ಲಿ ಮೈಕ್ರೋಸಾಫ್ಟ್ ತನ್ನ ಕ್ಯಾಲ್ಕ್ಯುಲೇಟರಿನ ಮೂಲ ಬರೆಹವನ್ನೇ ಸಾರ್ವಜನಿಕರ ಮುಂದಿರಿಸಿತು. ಯಂತ್ರವು ಹೇಗೆ ಕೂಡುತ್ತದೆಯೆಂಬುದನ್ನು ಬಲ್ಲವರು ಯಾರೇ ಆದರೂ ಸಾಲುಸಾಲಾಗಿ ಓದಬಹುದು, ತಿದ್ದುಪಡಿಯನ್ನು ಸೂಚಿಸಲೂಬಹುದು. ದೇಶಭಾಷೆಗಳ ರೂಢಿಗೆ ಹೊಂದಿಕೊಳ್ಳುವ ಒಂದು ಗುಣವೂ ಅದರಲ್ಲಿ ಉಂಟು. ಕಂಪ್ಯೂಟರಿನ ಪ್ರಾಂತವನ್ನು ಭಾರತವೆಂದು ನಮೂದಿಸಿದರೆ ಅಲ್ಪವಿರಾಮಗಳು 1,23,45,678 ಎಂಬಂತೆ ಸಾವಿರ, ಲಕ್ಷ, ಕೋಟಿಗಳ ಎಡೆಯಲ್ಲಿ ನಿಲ್ಲುತ್ತವೆ. ಕೋಟಿಗಳಲ್ಲಿ ಎಣಿಸುವ ನಮ್ಮ ಲೆಕ್ಕಿಗನಿಗೆ ಇದು ಸಾಮಾನ್ಯ ಉಪಕಾರವಲ್ಲ.

ಸುರುಳಿಯ ಪ್ರಯೋಜನ ಎಂಥದೆಂಬುದು ಸಣ್ಣ ಲೆಕ್ಕಗಳಲ್ಲಿಯೇ ಚೆನ್ನಾಗಿ ತಿಳಿಯುವುದು. ವಿಂಡೋಸಿನ ಸಾಧಾರಣ ರೂಪದಲ್ಲಿ ಎರಡಕ್ಕೆ ಮೂರನ್ನು ಕೂಡಿ ನಾಲ್ಕರಿಂದ ಗುಣಿಸೆಂದು ಒತ್ತಿದರೆ 20 ಬರುತ್ತದೆ. ಅವೇ ಗುಂಡಿಗಳನ್ನು ವೈಜ್ಞಾನಿಕ ರೂಪದಲ್ಲಿ ಒತ್ತಿದರೆ, ಗುಣಾಕಾರವನ್ನು ಮೊದಲು ನಡೆಸಬೇಕೆಂಬ ನಿಯಮದಂತೆ, 14 ಬರುತ್ತದೆ. ಉತ್ತರವೊಂದನ್ನೇ ಕಂಡವನು ಯಾವುದನ್ನು ನಂಬಬೇಕು? ಶೇಕಡಾ ಗುಂಡಿಯ ವಿಷಯವಂತೂ ಇನ್ನೂ ಸೂಕ್ಷ್ಮ. ನೂರಕ್ಕೆ ಇಂತಿಷ್ಟು ಎಂಬುದು ಯಾವ ನೂರಕ್ಕೆ ಎಂಬುದನ್ನು ಗುಂಡಿ ಹೇಳುವುದಿಲ್ಲ, ಯಂತ್ರವೇ ಊಹಿಸಿಕೊಳ್ಳುತ್ತದೆ. ಎಲ್ಲ ಯಂತ್ರಗಳ ಊಹೆಯೂ ಒಂದೇ ಆಗಿರಬೇಕೆಂದಿಲ್ಲ. 4,350 ರೂಪಾಯಿಯ ಸಾಮಾನಿನ ಮೇಲೆ ಶೇಕಡಾ 18ರ ಜಿಎಸ್‌ಟಿಯನ್ನು ಸೇರಿಸಬೇಕಾದ ವರ್ತಕನು 4350, ಕೂಡು, 18, ಶೇಕಡಾ ಎಂದು ಒತ್ತಿದಾಗ, ಉತ್ತರದ ಮೇಲಿನ ಸಣ್ಣ ಸಾಲಿನಲ್ಲಿ ಯಂತ್ರವು ‘4350 + 783’ ಎಂದು ಬರೆಯುತ್ತದೆ. 18ನ್ನು 4,350ರ ಭಾಗವೆಂದು ಅದು ತಿಳಿದುಕೊಂಡಿತೆಂಬುದು ಅಲ್ಲಿಯೇ ಸ್ಪಷ್ಟವಾಗುತ್ತದೆ; ಬಳಿಕ ಬರುವ 5,133 ಎಂಬ ಮೊತ್ತವನ್ನು ಅವನು ಬಿಲ್ಲಿಗೆ ಬರೆಯಬಹುದು, ಗಿರಾಕಿ ಕೇಳಿದರೆ ತೆರಿಗೆ 783 ರೂಪಾಯಿ ಎಂದು ಆ ಸಾಲನ್ನೇ ತೋರಿಸಬಹುದು.